ಹಳದಿಯಾದ ಬ್ಯಾಚು

ಕಳೆದ ವಾರ ಇಲವಾಲಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ನರ್ಸಿಂಗ್ ಓದುವ ಹುಡುಗಿ, ಬ್ಯಾಗಿನಿಂದ ಪುಟ್ಟ ಶೀಷೆ ತೆಗೆದು, ಹತ್ತಿಯನ್ನು ಅದ್ದಿಕೊಂಡು ಉಗುರಿನ ಬಣ್ಣ ಒರೆಸಿಕೊಳ್ಳತೊಡಗಿದಳು. ಉಗುರಿಗೆ ಬಣ್ಣ ಕಂಡರೆ ವಾರ್ಡಿಗೆ ಬಿಡುವುದಿಲ್ಲವಂತೆ. ಕಿಟಕಿ ತೆರೆದಿದ್ದರೂ ಆ ವಾಸನೆ ನೇರ ನನ್ನ ಮೂಗಿಗೇ ಬಂತು. ಈಥೈಲ್ ಅಸಿಟೇಟ್. ತೀರಾ ಹಣ್ಣಾದ ಮರಸೇಬಿನ ಹಾಗೆ ಸಿಹಿಯಾಗಿ, ಸ್ವಲ್ಪ ಹೊತ್ತಾದರೆ ತಲೆ ಹಿಡಿಯುವ ವಾಸನೆ. ನನಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಅನ್ನುವುದು ಆಮೇಲೆ ನೆನಪಾಯಿತು.

ಮೇಡಂ ಮೇಲೆ. ಅವರು ತೀರಿಕೊಂಡು ಎರಡು ತಿಂಗಳಾಗಿದೆ. ಹೋದವರ ಬಗ್ಗೆ ಒಳ್ಳೆಯ ಮಾತಾಡುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಆ ಕೆಲಸ ಅವರು ಮಾಡಿಕೊಳ್ಳಲಿ. ನನ್ನ ಕೈಲಿ ಆಗುವುದಿಲ್ಲ.

ಹುಣಸೂರು ರಸ್ತೆಯಲ್ಲಿ, ಇಲವಾಲ ಇನ್ನೂ ಬರುವ ಮೊದಲು ಒಳಕ್ಕೆ ತಿರುಗಿದರೆ ಒಂದು ಸಣ್ಣ ಕಾರ್ಖಾನೆ ಇದೆ. ಮಾತ್ರೆ ಮಾಡುವ ದೊಡ್ಡ ಕಂಪನಿಯವರಿಗೆ ಬೇಕಾದ ಒಂದು ಬಿಳಿ ಪುಡಿಯನ್ನು ಅಲ್ಲಿ ತಯಾರಿಸುತ್ತಿದ್ದರು. ಒಂದು ರಾಸಾಯನಿಕದಿಂದ ಶುರು ಮಾಡಿ, ಅದನ್ನು ಇನ್ನೊಂದಾಗಿಸಿ, ಅದನ್ನು ಮತ್ತೊಂದಾಗಿಸಿ, ಹೀಗೆ ಏಳು ಹಂತ ದಾಟಿದ ಮೇಲೆ ಆ ಪುಡಿ ಸಿಗುತ್ತಿತ್ತು. ಎಂಎಸ್ಸಿ ಮುಗಿಸಿದ ವರ್ಷವೇ ನನಗೆ ಅಲ್ಲಿ ಕೆಲಸ ಸಿಕ್ಕಿತು. ನಮ್ಮದು ಇಲವಾಲದ ಆಚೆಯ ಹಳ್ಳಿ, ಬೇಸಾಯದ ಮನೆ. ನಮ್ಮ ಮನೆಯ ಹೆಂಗಸರಲ್ಲಿ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಕಂಪನಿ ಬಸ್ಸು ಹತ್ತಿದವಳು ನಾನೇ ಮೊದಲು. ಒಂದು ವರ್ಷ ಪರೀಕ್ಷಾರ್ಥ, ಆಮೇಲೆ ಖಾಯಂ ಎಂದಿದ್ದರು. ನೋಡಲು ಬಂದ ಒಳ್ಳೆಯ ಸಂಬಂಧವೊಂದನ್ನು, ಖಾಯಂ ಆಗುವವರೆಗೆ ಮದುವೆಯ ಮಾತೇ ಬೇಡ ಎಂದು ನಾನೇ ವಾಪಸು ಕಳಿಸಿದ್ದೆ. ಅದಕ್ಕೆ ನಮ್ಮ ಚಿಕ್ಕಮ್ಮ ಊರೆಲ್ಲ ನನ್ನ ಆಡಿಕೊಂಡಿದ್ದರು.

ಮೇಡಂ ಆ ಕಾರ್ಖಾನೆಯಲ್ಲಿ ಪ್ರಾಸೆಸ್ ವಿಭಾಗದ ಮುಖ್ಯಸ್ಥೆ. ಜಯಲಕ್ಷ್ಮೀಪುರಂನಲ್ಲಿ ಮನೆ, ಮುಂದೆ ಪಾರಿಜಾತದ ಗಿಡ. ಅವರ ತಾತ ಅರಮನೆಯ ಮಕ್ಕಳಿಗೆ ಪಾಠ ಹೇಳಿದವರಂತೆ. ಆ ಸಂಗತಿ ನಮಗ್ಯಾರಿಗೂ ಮರೆತುಹೋಗದಂತೆ ಅವರೇ ನೋಡಿಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಮೇಲೆ ಬಿಳಿ ಕೋಟು, ಕೋಟಿನ ಮೇಲೆ ಒಂದು ಕಲೆ ಇಲ್ಲ. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಆದರೆ ಅದರಲ್ಲಿ ಮರ್ಯಾದೆಗಿಂತ ದೂರ ಇಡುವ ಉದ್ದೇಶವೇ ಹೆಚ್ಚು. ನನ್ನ ಕೈಯಿಂದ ಏನಾದರೂ ಚೆಲ್ಲಿದರೆ ಬೈಯುತ್ತಿರಲಿಲ್ಲ. ನಿಮ್ಮ ಕಡೆ ಹೀಗೇನಾ ಎಂದು ಮೆಲ್ಲಗೆ ಕೇಳಿ ಮುಂದೆ ಹೋಗುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅವರಿಂದ ಕಲಿಯಲಿಲ್ಲವೇ ಎಂದರೆ, ಕಲಿತೆ. ಸುಳ್ಳು ಯಾಕೆ ಹೇಳಲಿ. ದ್ರಾವಣದಲ್ಲಿ ಹರಳು ಕಟ್ಟದೆ ಸತಾಯಿಸಿದಾಗ ಗಾಜಿನ ಕಡ್ಡಿಯಿಂದ ಪಾತ್ರೆಯ ಒಳಗೋಡೆಯನ್ನು ಎಲ್ಲಿ ಗೀರಬೇಕು, ಎಷ್ಟು ಮೆಲ್ಲಗೆ ಗೀರಬೇಕು ಅನ್ನುವುದನ್ನು ನನ್ನ ಕೈ ಹಿಡಿದು ತೋರಿಸಿದವರು ಅವರೇ. ಗೀರಿದ ಜಾಗದಿಂದ ಮಂಜು ಎದ್ದ ಹಾಗೆ ಹರಳು ಹರಡುವುದನ್ನು ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟಿದ್ದೆ, ಅವರೂ ನಕ್ಕಿದ್ದರು. ಅಷ್ಟೇ... ಅದೊಂದೇ ಸಲ.

ಅವರ ಪದ್ಧತಿ ಹೀಗಿತ್ತು. ಪ್ರತಿ ಹಂತದ ಕೊನೆಗೂ ಮಾಲನ್ನು ಗಟ್ಟಿ ರೂಪದಲ್ಲಿ ಹೊರಗೆ ತೆಗೆಯಬೇಕು, ಸೋಸಬೇಕು, ತೊಳೆಯಬೇಕು, ಒಣಗಿಸಬೇಕು, ಒಂದು ಚಿಟಿಕೆಯನ್ನು ಗಾಜಿನ ತಟ್ಟೆಯಲ್ಲಿಟ್ಟು ಅವರಿಗೆ ಒಯ್ದು ತೋರಿಸಬೇಕು. ಅವರು ಅದನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು ನೋಡಿ ಹೂಂ ಎಂದರೆ ಮಾತ್ರ ಮುಂದಿನ ಹಂತ. ಶುದ್ಧವಾಗಿರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೊಳೆದಾಗಲೆಲ್ಲ ಒಂದಿಷ್ಟು ಮಾಲು ತೊಳೆದ ನೀರಿನ ಜೊತೆಯೇ ಹೋಗುತ್ತಿತ್ತು. ಒಣಗಿಸಲು ಹಗಲೂ ರಾತ್ರಿ ಕರೆಂಟು, ಕರಗಿಸಲು ಡ್ರಮ್ಮುಗಟ್ಟಲೆ ದ್ರಾವಕ. ನಮ್ಮ ಗಿರಾಕಿ ಕಂಪನಿಯವರು ಬೆಲೆ ಇಳಿಸಿ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಹಿಂಡುತ್ತಿದ್ದರು. ಖರ್ಚು ಕಡಿಮೆ ಮಾಡುವ ದಾರಿ ಯಾರಿಗೆ ಹೊಳೆದರೂ ಹೇಳಿ ಎಂದು ಮಾಲೀಕರೇ ಸಭೆಯಲ್ಲಿ ಕೇಳಿದರು.

ನನಗೆ ಹೊಳೆದಿತ್ತು. ನಡುವಿನ ಮೂರು ಹಂತಗಳಲ್ಲಿ ಮಾಲನ್ನು ಹೊರಗೆ ತೆಗೆಯುವ ಅಗತ್ಯವೇ ಇರಲಿಲ್ಲ. ಮೂರನ್ನೂ ಒಂದೇ ದ್ರಾವಕದಲ್ಲಿ, ಈಥೈಲ್ ಅಸಿಟೇಟಿನಲ್ಲಿ, ಒಂದರ ಹಿಂದೆ ಒಂದು ಮಾಡಿ, ಒಗೆಯುವ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಕೊನೆಗೆ ಆಮ್ಲ ಸೇರಿಸಿ ಲವಣವಾಗಿ ಕೆಳಕ್ಕೆ ಇಳಿಸಿದರೆ ಸಾಕು. ಮೂರು ಹಂತದ ಕೊಳೆಯೂ ದ್ರಾವಕದಲ್ಲೇ ಉಳಿದು, ಮಾಲು ಮಾತ್ರ ಬೆಳ್ಳಗೆ ಕೂರುತ್ತಿತ್ತು. ಲ್ಯಾಬಿನಲ್ಲಿ ಮತ್ತೆ ಮತ್ತೆ ಮಾಡಿ ನೋಡಿದೆ. ಮೇಡಂ ರೀತಿಯಲ್ಲಿ ಮಾಡಿದ್ದಕ್ಕಿಂತ ಶುದ್ಧ, ಅರ್ಧ ದ್ರಾವಕ, ಮಾಲೂ ಹೆಚ್ಚು. ಮಾಲು ತಯಾರಿಸುವ ದಾರಿಗೆ ನಮ್ಮಲ್ಲಿ ರೂಟು ಅನ್ನುತ್ತಾರೆ, ಇದು ನನ್ನ ರೂಟು. ಮಾಲೀಕರು ಖುಷಿಯಾದರು. ದಸರೆ ರಜೆ ಮುಗಿದ ಮೇಲೆ ದೊಡ್ಡ ರಿಯಾಕ್ಟರಿನಲ್ಲಿ ಮೊದಲ ಬ್ಯಾಚು ತೆಗೆಯಿರಿ, ಅದು ಸರಿಯಾದರೆ ಇವರನ್ನು ಖಾಯಂ ಮಾಡುವ ಕಾಗದಕ್ಕೆ ನಾನೇ ಸಹಿ ಹಾಕುತ್ತೇನೆ ಎಂದರು. ಮೇಡಂ ತಮ್ಮ ಕಾಗದಗಳನ್ನು ಜೋಡಿಸಿಕೊಂಡು ಎದ್ದರು. ತಟ್ಟೆ ಹಿಡಿದು ತಮ್ಮ ಮುಂದೆ ನಿಲ್ಲುವ ಕೆಲಸ ನಾನು ಮೂರು ಹಂತದಲ್ಲಿ ತಪ್ಪಿಸಿದ್ದೆ, ಅದು ಅವರಿಗೆ ಎಲ್ಲಿ ಚುಚ್ಚಿತೋ ನನಗೆ ಅರ್ಥವಾಗಿತ್ತು.

ಆಯುಧಪೂಜೆ ನಮ್ಮಲ್ಲಿ ಜೋರು. ಫೋರ್ಕ್‌ಲಿಫ್ಟ್‌ನಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಹೂವು, ಗೇಟಿನಲ್ಲಿ ಬೂದುಗುಂಬಳ. ಮಾಲು ತಯಾರಾಗುವ ದೊಡ್ಡ ಹಂಡೆಗಳ, ಅಂದರೆ ರಿಯಾಕ್ಟರುಗಳ ಪೂಜೆ ಮಾತ್ರ ಮೇಡಂದೇ, ಬೇರೆಯವರು ಮುಟ್ಟುವ ಹಾಗಿಲ್ಲ. ಸಂಕ್ರಾಂತಿಯಲ್ಲಿ ಪೊಂಗಲ್ ಪಾತ್ರೆಯ ಕೊರಳಿಗೆ ಕಟ್ಟುವಂತೆ, ಪ್ರತಿ ರಿಯಾಕ್ಟರಿನ ಮೇಲಿನ ಬಾಯಿಗೆ ಹಸಿ ಅರಿಶಿನದ ಕೊಂಬು ಕಟ್ಟಿಸಿ, ಮುಚ್ಚಳದ ಅಂಚಿನ ಸುತ್ತ ತೇಯ್ದ ಅರಿಶಿನವನ್ನು ಧಾರಾಳವಾಗಿ ಬಳಿದು, ಕುಂಕುಮ ಇಟ್ಟು, ತಾವೇ ಕದಡಿದ ಕೆಂಪು ಆರತಿ ಎತ್ತುತ್ತಿದ್ದರು. ಆ ವರ್ಷವೂ ಹಾಗೇ ಆಯಿತು. ನಾನೂ ಕೈ ಮುಗಿದೆ. ನನ್ನ ಬ್ಯಾಚು ಚೆನ್ನಾಗಿ ಬರಲಿ ಎಂದು ಆ ರಿಯಾಕ್ಟರಿನ ಮುಂದೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೆ.

ವಿಜಯದಶಮಿ ಕಳೆದ ಮೇಲೆ ಬ್ಯಾಚು ಶುರುವಾಯಿತು. ಮೊದಲ ಎರಡು ಹಂತ ಲ್ಯಾಬಿನಲ್ಲಿ ಆದ ಹಾಗೇ ಸಲೀಸಾಗಿ ಹೋದವು. ಮೂರನೆಯದರಲ್ಲಿ ದ್ರಾವಕವನ್ನು ಕುದಿಸಬೇಕಿತ್ತು, ಕುದಿಸಿದೆವು. ತಣಿಸಿ ಸೋಡಾ ನೀರು ಬಿಟ್ಟು ಕಲಕಿ, ಪದರ ಬೇರೆಯಾಗಲಿ ಎಂದು ಕೆಳಗಿನ ಗಾಜಿನ ಕಿಂಡಿಯ ಮುಂದೆ ಕೂತೆ. ನೀರಿನ ಪದರ ತಿಳಿಯಾಗಿ ಕಾಣಬೇಕಿತ್ತು. ಕೆಂಪಗೆ ಕಂಡಿತು. ಮೇಡಂ ಬಂದು ನನ್ನ ಪಕ್ಕ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ತಲೆ ಎತ್ತಿ ಮೇಲಿನ ಮುಚ್ಚಳದ ಕಡೆಗೂ ಒಮ್ಮೆ ನೋಡಿದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ.

“ಕೆಳಗೆ ಏನೋ ಕೆಟ್ಟು ಹೋಗ್ತಾ ಇದೆ,” ಅಂದರು. “ಇದು ನಿಮ್ಮ ರೂಟಿನ ಕೆಲಸ.”

ಲವಣ ಇಳಿಸಿದಾಗ ಬಿಳಿಯ ಬದಲು ತಿಳಿ ಹಳದಿ ಬಂತು. ಪರೀಕ್ಷೆಯಲ್ಲಿ ಯಾವತ್ತೂ ಕಾಣದ ಕಲ್ಮಶವೊಂದು ಸಣ್ಣಗೆ ತಲೆ ಎತ್ತಿತ್ತು. ನಾನು ಮತ್ತೆ ಲ್ಯಾಬಿಗೆ ಹೋಗಿ ಅದೇ ಸಾಮಗ್ರಿಯಲ್ಲಿ ಮಾಡಿದೆ. ಬೆಳ್ಳಗೆ ಬಂತು. ಮತ್ತೆ ಮಾಡಿದೆ, ಮತ್ತೆ ಬೆಳ್ಳಗೇ ಬಂತು. ಅದನ್ನು ಒಯ್ದು ತೋರಿಸಿದರೆ, ಲ್ಯಾಬಿನ ಶೀಷೆಯೇ ಬೇರೆ, ಪ್ಲಾಂಟೇ ಬೇರೆ, ಅನುಭವ ಇಲ್ಲದಿದ್ದರೆ ಹೀಗೇ ಆಗುವುದು ಎಂದು ಮೇಡಂ ಮಾಲೀಕರ ಎದುರಿಗೇ ಹೇಳಿದರು. ಬ್ಯಾಚಿನ ವರದಿಯಲ್ಲಿ ಕಾರಣದ ಜಾಗದಲ್ಲಿ ನನ್ನ ರೂಟನ್ನೇ ಬರೆದರು. ರೂಟ್ ಕೈಬಿಟ್ಟರು, ತಿಂಗಳು ಮುಗಿಯುವುದರೊಳಗೆ ನನ್ನನ್ನೂ. ಪ್ಲಾಂಟಿನ ಕೆಲಸಕ್ಕೆ ಈಕೆ ತಕ್ಕವರಲ್ಲ ಎಂದು ಶಿಫಾರಸು ಮಾಡಿದವರು ಮೇಡಂ. ನಾನು ನಂಬಿದೆ, ಕಷ್ಟವಾದದ್ದು ಅದೇ. ನನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಎಂದು ಊಟ ಬಿಟ್ಟು ಯೋಚಿಸಿದೆ.

ಲೆಕ್ಕಪತ್ರ ಮುಗಿಸಿಕೊಳ್ಳಲು ಇನ್ನೂ ಕೆಲವು ದಿನ ಬಾಕಿ ಇರುವಾಗ ಊರಿನಲ್ಲಿ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ನನ್ನ ಆಡಿಕೊಳ್ಳಲು ಎಲ್ಲರಿಗೂ ಒಳ್ಳೆ ಅವಕಾಶ, ಆದರೂ ಹೋಗಿದ್ದೆ. ಆರತಿಗೆಂದು ಚಿಕ್ಕಮ್ಮ ಅರಿಶಿನ ಕದಡಿದ ನೀರಿಗೆ ಒಂದಿಷ್ಟು ಸುಣ್ಣ ಹಾಕಿ ಬೆರಳಾಡಿಸಿದರು. ಓಕುಳಿ ಕೆಂಪಗಾಯಿತು. ಹುಟ್ಟಿದಾಗಿನಿಂದ ನೋಡಿದ ಕೆಂಪು ಅದು. ನಾನು ನಿಂತಲ್ಲೇ ನಿಂತೆ.

ಅರಿಶಿನಕ್ಕೆ ಸುಣ್ಣ ಸೇರಿದರೂ ಅಷ್ಟೇ, ಸೋಡಾ ಸೇರಿದರೂ ಅಷ್ಟೇ, ಕೆಂಪು. ಅರಿಶಿನ ನೀರಿನಲ್ಲಿ ಕರಗುವುದಿಲ್ಲ, ಈಥೈಲ್ ಅಸಿಟೇಟಿನಲ್ಲಿ ಚೆನ್ನಾಗಿ ಕರಗುತ್ತದೆ. ಹಿಂದಿನ ವರ್ಷಗಳಲ್ಲಿ ಪೂಜೆಯ ನಂತರ ಆ ರಿಯಾಕ್ಟರಿನಲ್ಲಿ ನಡೆಯುತ್ತಿದ್ದದ್ದು ನೀರಿನಲ್ಲಿ ಮಾಡುವ, ಕುದಿಸುವ ಅಗತ್ಯವಿಲ್ಲದ ಹಂತ. ಮುಚ್ಚಳದ ಸಂದಿಗೆ ಇಳಿದಿದ್ದ ಅರಿಶಿನ ಅಲ್ಲೇ ಒಣಗಿ ಕೂತಿರುತ್ತಿತ್ತು, ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಈ ಸಲ ನನ್ನ ದ್ರಾವಕ ಕುದಿದು, ಆವಿ ಮೇಲೆ ಹೋಗಿ, ಮುಚ್ಚಳಕ್ಕೆ ತಾಗಿ ತಣಿದು, ಹನಿಹನಿಯಾಗಿ ಅರಿಶಿನವನ್ನು ತೊಳೆದುಕೊಂಡು ಒಳಗೆ ಬಿದ್ದಿತ್ತು. ನನ್ನ ರೂಟಿನಲ್ಲಿ ಏನೂ ತಪ್ಪಿರಲಿಲ್ಲ. ನಾಮಕರಣದ ಊಟಕ್ಕೂ ನಿಲ್ಲದೆ ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಏಣಿ ಹತ್ತಿ ಆ ರಿಯಾಕ್ಟರಿನ ಮುಚ್ಚಳ ನೋಡಿದೆ. ಥಳಥಳ ಹೊಳೆಯುತ್ತಿತ್ತು. ಉಳಿದೆಲ್ಲ ರಿಯಾಕ್ಟರುಗಳ ಬಾಯಲ್ಲೂ ಒಣಗಿದ ಅರಿಶಿನ ಹಾಗೇ ಇತ್ತು, ಇದೊಂದರಲ್ಲಿ ಚೂರೂ ಇಲ್ಲ. ಕೊಂಬೂ ಇಲ್ಲ. ಅಲ್ಲಿದ್ದ ಆಪರೇಟರನ್ನು ಇದನ್ನು ತೊಳೆದದ್ದು ಯಾರು ಎಂದು ಕೇಳಿದೆ.

“ಮೇಡಮ್ಮೋರೇ ಕಣಮ್ಮ,” ಅಂದ. “ಆ ಕೆಂಪು ನೀರು ಬಂತಲ್ಲ, ಅವತ್ತು ಸಾಯಂಕಾಲಾನೇ. ನಾನು ಮಾಡ್ತೀನಿ ಕೊಡಿ ಅಂದ್ರೂ ಕೇಳ್ನಿಲ್ಲ, ಅಸಿಟೋನ್ ಬಟ್ಟೆ ಇಡ್ಕೊಂಡು ಅವರೇ ಉಜ್ಜುಬುಟ್ರು.”

ಸೀರೆಯಲ್ಲಿ ಏಣಿ ಹತ್ತಿದ್ದಾರೆ. ಹೊಳೆಯುವ ಕಪಾಟಿನ ಮೇಲೂ ಬೆರಳಾಡಿಸಿ ಧೂಳು ತೋರಿಸಿ, ಇನ್ನೊಬ್ಬರ ಕೈಲಿ ಒರೆಸುತ್ತಿದ್ದವರು, ಅವತ್ತು ತಾವೇ ಉಜ್ಜಿದ್ದಾರೆ. ಹಾಗಾದರೆ ಕಿಂಡಿಯಲ್ಲಿ ಕೆಂಪು ಕಂಡ ಕ್ಷಣವೇ ಅವರಿಗೆ ಗೊತ್ತಾಗಿತ್ತು. ವರ್ಷಾವರ್ಷ ಆರತಿ ಕದಡಿದ ಕೈ ಅದು, ಗೊತ್ತಾಗದೆ ಇರುತ್ತದೆಯೇ. ನನಗೆ ತಿಳಿಯಲು ಅಷ್ಟು ವಾರ ಬೇಕಾಯಿತು, ಅವರಿಗೆ ಅಲ್ಲೇ ತಿಳಿಯಿತು. ಗೊತ್ತಿದ್ದೂ ನನ್ನ ಪಕ್ಕ ನಿಂತು ಆ ಮಾತು ಹೇಳಿದರು. ಗೊತ್ತಿದ್ದೂ ಶಿಫಾರಸು ಬರೆದರು.

ನೇರ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅದು ಅರಿಶಿನ ಅಂತ ನಿಮಗೆ ಅವತ್ತೇ ಗೊತ್ತಿತ್ತಲ್ಲವೇ ಎಂದು ಕೇಳಿದೆ. ಅವರು ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿ, ಕನ್ನಡಕ ತೆಗೆದಿಟ್ಟರು. ಅಲ್ಲಗಳೆಯುತ್ತಾರೆ ಎಂದುಕೊಂಡಿದ್ದೆ.

“ಗೊತ್ತಿತ್ತು ಕಣಮ್ಮ,” ಅಂದರು. ನನ್ನನ್ನು ಕಣಮ್ಮ ಅಂದದ್ದು ಅದೇ ಮೊದಲು. “ಔಷಧಿಗೆ ಹೋಗೋ ಮಾಲಲ್ಲಿ ಪೂಜೆ ಅರಿಶಿನ ಬಿತ್ತು ಅಂತ ಬರೆದ್ರೆ ಗಿರಾಕಿ ನಾಳೆನೇ ಕೈಬಿಡ್ತಾನೆ. ಇಲ್ಲಿವರೆಗೆ ಕಳಿಸಿದ್ದರ ಮೇಲೆಲ್ಲ ಅನುಮಾನ ಬರುತ್ತೆ. ಇಷ್ಟು ಜನರ ಅನ್ನ ಇದೆ ಇಲ್ಲಿ. ಹೊಸ ರೂಟು ಕೆಟ್ಟಿತು ಅಂದ್ರೆ ಯಾರಿಗೂ ಏನೂ ಆಗಲ್ಲ.”

“ನನಗೆ?”

“ನೀವು ಚಿಕ್ಕವರು. ಇನ್ನೊಂದು ಕಡೆ ಸಿಗುತ್ತೆ.”

ಮಾಲೀಕರಿಗೆ ಹೇಳುತ್ತೇನೆ ಅಂದೆ. ಹೇಳಿ ಅಂದರು, ತಡೆಯಲಿಲ್ಲ. ಹೇಳಿದೆ. ಮಾಲೀಕರು ಮೇಡಂ ಮುಖ ನೋಡಿದರು, ಪಾಪ, ಈಕೆ ಬೇಜಾರಲ್ಲಿದ್ದಾರೆ ಅನ್ನುವ ಹಾಗೆ ಮೇಡಂ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಮುಚ್ಚಳ ಹೊಳೆಯುತ್ತಿತ್ತು, ತೋರಿಸಲು ನನ್ನ ಹತ್ತಿರ ಏನಿತ್ತು? ಹಳದಿ ಮಾಲನ್ನು ಅಷ್ಟರಲ್ಲಿ ನಾಶ ಮಾಡಿಸಿದ್ದರು. ಒರೆಸಿದ್ದು ನಿಜ, ಆದರೆ ಯಾಕೆ ಅಂತ ನಮಗೇನು ಗೊತ್ತು ಎಂದು ಆ ಆಪರೇಟರ್ ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮೇಡಂ ಹೇಳಿದ್ದರಲ್ಲಿ ಅರ್ಥ ಇಲ್ಲವೆಂದಲ್ಲ. ನಿಜ ಬರೆದಿದ್ದರೆ ಕಾರ್ಖಾನೆ ಮುಚ್ಚುತ್ತಿತ್ತೇನೋ, ಯಾರಿಗೆ ಗೊತ್ತು. ಎಷ್ಟೋ ಸಲ ಅವರ ಜಾಗದಲ್ಲಿ ನಿಂತು ಯೋಚಿಸಿದ್ದೇನೆ. ಆದರೆ ಅಷ್ಟೊಂದು ಜನರ ಅನ್ನ ಉಳಿಸಲು ಒಬ್ಬರು ಬಲಿಯಾಗಬೇಕಿದ್ದರೆ, ಅರಿಶಿನ ಬಳಿದವರು ಯಾಕೆ ಆಗಲಿಲ್ಲ? ರಿಯಾಕ್ಟರು ಸರಿಯಾಗಿ ತೊಳೆಸಲಿಲ್ಲ, ನನ್ನದೇ ತಪ್ಪು ಎಂದು ಒಂದು ಸಾಲು ಬರೆದಿದ್ದರೆ ಅವರ ಕೆಲಸ ಹೋಗುತ್ತಿರಲಿಲ್ಲ. ಕೋಟಿನ ಮೇಲೆ ಒಂದು ಕಲೆ ಆಗುತ್ತಿತ್ತು, ಅಷ್ಟೇ. ಅದನ್ನು ತಾಳಲಾರದೆ ನನ್ನ ಮೈಮೇಲೆ ಹಾಕಿದರು.

ಇನ್ನೊಂದು ಕಡೆ ಸಿಕ್ಕಿತು, ನಿಜ. ಹಳೆಯ ಕಂಪನಿಯಲ್ಲಿ ವಿಚಾರಿಸುತ್ತೇವೆ ಅನ್ನುತ್ತಿದ್ದ ಯಾವ ಔಷಧ ಕಾರ್ಖಾನೆಯೂ ನನ್ನನ್ನು ಎರಡನೇ ಸಲ ಕರೆಯಲಿಲ್ಲ. ಕೊನೆಗೆ ಬೋರ್‌ವೆಲ್ ನೀರು ಪರೀಕ್ಷೆ ಮಾಡುವ ಲ್ಯಾಬು ಸೇರಿದೆ. ಈಗಲೂ ಅಲ್ಲೇ ಇದ್ದೇನೆ. ಗಡಸುತನ ಎಷ್ಟು, ಫ್ಲೋರೈಡ್ ಎಷ್ಟು, ಮುಂದಿನ ಬಾಟಲಿ. ಹೊಸದೊಂದು ವಸ್ತುವನ್ನು ಕೈಯಾರೆ ಕಟ್ಟಿ ಹರಳಾಗಿ ಇಳಿಸುವ ಸುಖ ಮತ್ತೆ ಸಿಗಲಿಲ್ಲ. ನನಗೆ ಬರುತ್ತಿದ್ದ ಒಳ್ಳೆಯ ಕೆಲಸ ಅದೊಂದೇ ಇತ್ತು...

ಒಮ್ಮೆ ಜಯಲಕ್ಷ್ಮೀಪುರಂನ ತರಕಾರಿ ಅಂಗಡಿಯಲ್ಲಿ ಮೇಡಂ ಎದುರಾದರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೆನ್ನಾಗಿದ್ದೀರಾ ಎಂದು ಅವರೇ ಮೊದಲು ಕೇಳಿದರು. ಮುಂದೆ ಇನ್ನೇನೋ ಹೇಳಲಿಕ್ಕೆ ಬಾಯಿ ತೆರೆದ ಹಾಗಿತ್ತು. ನಾನು ಬೆನ್ನು ತಿರುಗಿಸಿ ಬೀನ್ಸ್ ಆರಿಸುವುದರಲ್ಲಿ ತೊಡಗಿದೆ. ಹಿಂದೆ ಬಂದು ಹೇಳಲಿ, ಒಂದಷ್ಟು ಹೊತ್ತು ಕಾಯಲಿ ಎಂದು. ತಿರುಗಿ ನೋಡುವಾಗ ಅವರು ಹೊರಟುಹೋಗಿದ್ದರು.

ಅವರ ವೈಕುಂಠ ಸಮಾರಾಧನೆಗೆ ನಾನು ಯಾಕೆ ಹೋದೆನೋ ನನಗೇ ಗೊತ್ತಿಲ್ಲ. ಕಾರ್ಖಾನೆಯ ಹಳಬರು ಹೊಸಬರು ಎಲ್ಲ ಬಂದಿದ್ದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಈಗಿನ ಪ್ರಾಸೆಸ್ ಮುಖ್ಯಸ್ಥರು. ನಾನು ಬಿಟ್ಟ ಮೇಲೆ ಸೇರಿ, ಮೇಡಂ ಕೈಕೆಳಗೆ ಬೆಳೆದವರು. ನಾನೂ ಒಂದು ಕಾಲದಲ್ಲಿ ಅಲ್ಲಿದ್ದೆ ಎಂದಷ್ಟೇ ಹೇಳಿದ್ದೆ. ಅವರು ಮೇಡಂ ಗುಣಗಾನ ಶುರು ಮಾಡಿದರು. ನಡುವಿನ ಮೂರು ಹಂತಗಳನ್ನು ಈಗ ಒಟ್ಟಿಗೇ ಮಾಡುತ್ತಾರಂತೆ, ಕಾರ್ಖಾನೆ ಉಳಿದಿರುವುದೇ ಅದರಿಂದಂತೆ, ನಿವೃತ್ತಿಗೆ ಮುಂಚೆ ಮೇಡಂ ಅದನ್ನು ಸರಿಪಡಿಸಿ ಕೊಟ್ಟು ಹೋದರಂತೆ. ನಾನು ಬಡಿಸಿದ ಅನ್ನವನ್ನು ಮುಟ್ಟದೆ ಕೇಳುತ್ತಿದ್ದೆ.

“ಮೊದಲು ಯಾರೋ ಇಲವಾಲದ ಕಡೆ ಹುಡುಗಿ ಆತುರ ಬಿದ್ದು ಮಾಡಿ, ಬ್ಯಾಚೆಲ್ಲ ಹಳದಿ ಮಾಡ್ಬುಟ್ಟಿದ್ಲಂತೆ,” ಅಂದರು. “ಹೊಸಬರು ಬಂದಾಗೆಲ್ಲ ಮೇಡಂ ಈ ಕಥೆ ಹೇಳೋರು. ನಾವೂ ಈಗ ಹೇಳ್ತೀವಿ.”

“ಆ ಹುಡುಗಿ ನಾನೇ,” ಅಂದೆ. “ಅದು ಅರಿಶಿನ. ಮೇಡಂ ಪೂಜೇಲಿ ಬಳಿದದ್ದು ಮುಚ್ಚಳದಿಂದ ಒಳಗೆ ಬಿತ್ತು. ಅವರಿಗೆ ಅವತ್ತೇ ಗೊತ್ತಿತ್ತು, ನನ್ನ ಹತ್ರ ಒಪ್ಕೊಂಡಿದ್ರು.”

ಅವರು, ಹಾರ ಹಾಕಿದ್ದ ಮೇಡಂ ಫೋಟೊ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಕೋಪ ಮಾಡಿಕೊಳ್ಳಲಿಲ್ಲ, ನಗಲೂ ಇಲ್ಲ. ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ, ಮೇಡಂ ಅಂಥವರಲ್ಲ ಬಿಡಿ, ನಿಮಗೂ ಆಗ ತುಂಬ ಬೇಜಾರಾಗಿರುತ್ತೆ ಎಂದರು. ಪಾಯಸದವನನ್ನು ಕರೆದು ನನ್ನ ಎಲೆಗೆ ಇನ್ನೊಂದು ಸೌಟು ಹಾಕಿಸಿದರು.

ಬಾಗಿಲು ಹಾಕಿದ ಆ ಕೋಣೆಯಲ್ಲಿ ಗೊತ್ತಿತ್ತು ಅಂದವರು ಮೇಡಂ, ಕೇಳಿಸಿಕೊಂಡವಳು ನಾನು. ಮೂರನೆಯವರು ಇರಲಿಲ್ಲ. ಅವರು ಬದುಕಿರುವವರೆಗೆ ಅದು ಇಬ್ಬರಿಗೆ ಗೊತ್ತಿದ್ದ ಸಂಗತಿ. ಎಂದಾದರೂ ಅವರ ಬಾಯಿಂದಲೇ ನಾಲ್ಕು ಜನರೆದುರು ಹೇಳಿಸುತ್ತೇನೆ ಎಂದು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಈಗ ಅದು ಬರೀ ನನ್ನ ಮಾತು, ಕೆಲಸ ಕಳೆದುಕೊಂಡವಳೊಬ್ಬಳ ಹೊಟ್ಟೆಯುರಿ. ಮೇಡಂ ಹೋದದ್ದರಿಂದ ನನ್ನಷ್ಟು ಕಳೆದುಕೊಂಡವರು ಅವತ್ತು ಆ ಪಂಕ್ತಿಯಲ್ಲಿ ಇನ್ಯಾರೂ ಇರಲಿಲ್ಲ.